ಗೋಡೆಯಾಚೆಯ ಅಂಗೈ

ನಾನು ದೆವ್ವ ನಂಬುವವನಲ್ಲ. ಆದರೆ ಆ ಗೋಡೆಯನ್ನು ಮುಟ್ಟಿ ನೋಡಿದವನು ನಾನೇ.

ತೊಂಬತ್ತಾರರಲ್ಲಿ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನಲ್ಲಿ ರೂಮ್ ಕ್ಲೀನಿಂಗ್ ಕೆಲಸಕ್ಕಿದ್ದೆ. ಒಂಬತ್ತನೇ ಮಹಡಿಯ ಮೂಲೆ ರೂಮಿಗೆ ಒದೆತ್ ಎಂಬ ಫ್ರೆಂಚ್ ಅಜ್ಜಿ ಬಂದರು. ಪ್ರಾಯದಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟ್ ಚಿತ್ರಕಾರರ ಜೊತೆ ಪಳಗಿದವರಂತೆ. ಅವರು ಗೋಡೆಗೆ ಕಾಗದ ಒತ್ತಿ ಹಿಡಿದು, ಮೇಲೆ ಪೆನ್ಸಿಲ್ ಉಜ್ಜುತ್ತಿದ್ದರು.

"ಅರವತ್ತು ವರ್ಷದಿಂದ ಇದೇ ಕೆಲಸ. ನಾನೇನೂ ಸೇರಿಸುವುದಿಲ್ಲ. ಅಡಿಯಲ್ಲಿ ಇದ್ದದ್ದು ಮೇಲೆ ಬರುತ್ತದೆ," ಎಂದರು.

ಗೋಡೆ ಕನ್ನಡಿಯ ಹಾಗೆ ನುಣುಪು. ಆದರೂ ಕಾಗದದಲ್ಲಿ ಖರ್ಜೂರದ ಗರಿಯ ಹೆಣಿಗೆ ಮೂಡಿತ್ತು, ಹಿಂದೆ ಅಬುಧಾಬಿಯಲ್ಲಿದ್ದ ಗುಡಿಸಲುಗಳ ತಟ್ಟಿಯ ಹಾಗೆ. ಕಿಟಕಿಯ ಹತ್ತಿರ, ಆ ಹೆಣಿಗೆಯ ನಡುವೆ, ಆಚೆಯಿಂದ ಒತ್ತಿದಂತೆ ಒಂದು ಅಂಗೈ. ಗೋಡೆಯ ಆಚೆ ಬರೀ ಆಕಾಶ. ಗೋಡೆ ಮುಟ್ಟಿ ನೋಡಿದೆ. ಎಸಿಗೆ ರೂಮೆಲ್ಲ ಥಂಡಿ, ಅಂಗೈ ಮೂಡಿದ ಜಾಗ ಮಾತ್ರ ಬೆಚ್ಚಗಿತ್ತು.

"ಯಾರದು ಮೇಡಂ?"

"ನನಗೂ ಗೊತ್ತಿಲ್ಲ. ಅದಕ್ಕೇ ಉಜ್ಜುವುದು."

ಅವರು ರೂಮ್ ಖಾಲಿ ಮಾಡಿದ ಮೇಲೆ, ಕುತೂಹಲ ತಡೆಯಲಾರದೆ ನಾನೂ ಉಜ್ಜಿದೆ. ಕಿಟಕಿಯ ಹತ್ತಿರ ಬರೀ ಹೆಣಿಗೆ ಬಂತು. ಅಂಗೈ ಅದೇ ಗೋಡೆಯ ಇನ್ನೊಂದು ತುದಿಯಲ್ಲಿ, ಬಾಗಿಲ ಪಕ್ಕದಲ್ಲಿ ಸಿಕ್ಕಿತು. ಈಗ ಅಲ್ಲಿ ಬೆಚ್ಚಗಿತ್ತು. ರೂಮಿಗೆ ಬೀಗ ಹಾಕಿ ಮನೆಗೆ ಹೋದೆ.

ಸಂಜೆ ಚಾ ಕುಡಿಯುತ್ತ ಕೂತಿದ್ದೆ. ಚಿಲಕ ಹಾಕಲು ಹೋದ ನನ್ನ ಹೆಂಡತಿ ಎಲ್ಸಿ, ಬಾಗಿಲ ಮೇಲೆ ಕೈಯಿಟ್ಟವಳು ಹಾಗೇ ನಿಂತಳು.

"ಇಲ್ಲಿ ಬನ್ನಿ ಮಾರಾಯ್ರೆ. ನಮ್ಮ ಬಾಗಿಲು ಇದೊಂದು ಕಡೆ ಮಾತ್ರ ಯಾಕೆ ಬೆಚ್ಚಗೆ ಉಂಟು?"