ಪೆಟ್ಟು ಬಿಟ್ಟು ಎತ್ತಿದ ಹೆಜ್ಜೆ

೨೦೬೪ರ ಫೆಬ್ರವರಿ ೧೨, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ, ಯದುಗಿರಿಯಮ್ಮನವರ ಕಣಕಾಲುಗಳಿಗೆ ಕಟ್ಟಿದ್ದ ಹೆಜ್ಜೆಪ್ರೇರಕವು ಸೆಕೆಂಡಿಗೊಂದು ಮೆಲುಪೆಟ್ಟು ಕೊಡುತ್ತಿತ್ತು. ಅವರು ಮಾತ್ರ ನಿಂತಲ್ಲೇ ನಿಂತಿದ್ದರು.

ಅವರಂಥ ಕಂಪವಾತದ (ಪಾರ್ಕಿನ್ಸನ್) ರೋಗಿಗಳಲ್ಲಿ ಹೆಜ್ಜೆಯ ಅಪ್ಪಣೆ ಮಿದುಳಿನಿಂದ ಸಕಾಲಕ್ಕೆ ಹೊರಡುವುದಿಲ್ಲ; ಪಾದ ನೆಲಕ್ಕೆ ಅಂಟಿಕೊಂಡಂತಾಗುತ್ತದೆ. ಹೊರಗಿನಿಂದ ಒಂದು ತಾಳ ದೊರೆತರೆ ಹಲವರು ನಡೆಯಬಲ್ಲರು. ಹೆಜ್ಜೆಪ್ರೇರಕ ಆ ತಾಳವನ್ನು ನೇರವಾಗಿ ಚರ್ಮಕ್ಕೇ ಕೊಡುತ್ತಿತ್ತು. ಕಾಲು ತಡಮಾಡಿದರೆ ಅದರೊಳಗಿನ ತಿದ್ದುಮಂಡಲ ಇನ್ನಷ್ಟು ಜೋರಾಗಿ ಬಡಿದು ಎಚ್ಚರಿಸುತ್ತಿತ್ತು.

ಯದುಗಿರಿಯಮ್ಮ ಐವತ್ತು ವರ್ಷ ಖಂಜಿರ ನುಡಿಸಿದವರು. ಭಾನುವಾರ ಶಿಷ್ಯೆಯ ಕಛೇರಿ. ವೇದಿಕೆಗೆ ನಡೆದು ಹೋಗಲಾಗದಿದ್ದರೆ ಹೋಗುವುದೇ ಇಲ್ಲವೆಂದು ಹಟ ಹಿಡಿದಿದ್ದರು.

"ಸಾಕು, ಬಿಚ್ಚಮ್ಮಾ," ಎಂದರು, ಕಣ್ಣೊರೆಸಿಕೊಂಡು. "ಊರವರ ತಾಳವನ್ನೆಲ್ಲ ತಿದ್ದಿದೋಳು ನಾನು. ಈಗ ನನ್ ಕಾಲೇ ತಾಳಕ್ಕೆ ನಿಲ್ತಿಲ್ಲ."

ಯಂತ್ರವನ್ನು ರೂಪಿಸಿದ ಡಾ. ಮೇನಕಾ ಬೆಳ್ಳಿಯಪ್ಪ ಪರದೆಯ ಮೇಲಿನ ಸ್ನಾಯುರೇಖೆಯನ್ನು ಹಿಗ್ಗಿಸಿ ನೋಡುತ್ತಿದ್ದರು. ಎರಡು ಪೆಟ್ಟುಗಳ ನಡುವೆ ತೊಡೆಯ ಸ್ನಾಯು ಸಣ್ಣಗೆ ಮಿಡಿಯುತ್ತಿತ್ತು. ಅದೇ ಕ್ಷಣಕ್ಕೆ ತಿದ್ದುಮಂಡಲ ಬಡಿಯುತ್ತಿತ್ತು, ಮಿಡಿತ ಅಡಗುತ್ತಿತ್ತು.

"ಅಮ್ಮಾ, ನಿಮ್ ಕಾಲು ಸುಮ್ನಿಲ್ಲ. ಪೆಟ್ಟು ಬಿದ್ದು ಅರ್ಧ ಸೆಕೆಂಡಾದ್ಮೇಲೆ ಹೊರಡೋಕೆ ನೋಡ್ತಿದೆ. ಪ್ರತಿ ಸಲಾನೂ ಅಷ್ಟೇ."

"ಪ್ರತಿ ಸಲಾನೂ?" ಯದುಗಿರಿಯಮ್ಮ ತಲೆಯೆತ್ತಿದರು. "ಹಾಗಾದ್ರೆ ಅದು ತಪ್ಪಲ್ಲ ಕಣೇ, ಅನಾಗತ! ತಾಳದ ಪೆಟ್ಟನ್ನ ಹೋಗೋಕೆ ಬಿಟ್ಟು, ಆಮೇಲೆ ಹಾಡು ಎತ್ತೋದು. ಅಂಥ ಹಾಡಿಗೆ ನುಡಿಸೀ ನುಡಿಸೀ ಮೈಗೇ ಹತ್ಬಿಟ್ಟಿದೆ. ನಾನು ಎತ್ತೋ ಹೊತ್ತಿಗೇ ನಿನ್ ಯಂತ್ರ ಗದರುತ್ತೆ!"

"ಗದರೋದನ್ನ ನಿಲ್ಲಿಸ್ಬಹುದು. ಆದ್ರೆ ನೀವು ಬಿದ್ರೆ?"

"ಹಿಡ್ಕೋ. ನಿಂಗೆ ಸುಮ್ನೆ ಸಂಬಳ ಕೊಡ್ತಾರಾ?"

ಮೇನಕಾ ತಿದ್ದುಮಂಡಲವನ್ನು ನಿಲ್ಲಿಸಿ, ಪಕ್ಕಕ್ಕೆ ಬಂದು ಕೈಚಾಚಿ ನಿಂತರು. ಒಂದು ಪೆಟ್ಟು ಬಿತ್ತು. ಕಾಲು ಕದಲಲಿಲ್ಲ. ಇನ್ನೊಂದು ಬಿತ್ತು, ಅದರ ನಂತರದ ಖಾಲಿ ಜಾಗದಲ್ಲಿ ಎಡಗಾಲು ಮೇಲೆದ್ದು ಮುಂದೆ ಹೋಯಿತು. ಆಮೇಲೆ ಬಲಗಾಲು. ಚಾಚಿದ ಕೈಯನ್ನು ಯದುಗಿರಿಯಮ್ಮ ಮುಟ್ಟಲೂ ಇಲ್ಲ. ಎದುರು ಗೋಡೆ ತಲುಪಿ, ಅದಕ್ಕೆ ಅಂಗೈ ಊರಿ ನಕ್ಕರು.

"ಭಾನುವಾರ ಮುಂದಿನ ಸಾಲಲ್ಲಿ ಕೂತ್ಕೋಬೇಕು ನೀನು. ತಾಳ ಹಾಕೋಕೆ ಮಾತ್ರ ಹೋಗ್ಬೇಡ."

ಮೇನಕಾ ಪರದೆಯತ್ತ ತಿರುಗಿದರು. "ತಾಳಕ್ಕೆ ಬರ್ಲಿಲ್ಲ ಅಂತ ಎಷ್ಟೋ ಜನರನ್ನ ಮನೆಗೆ ಕಳಿಸಿದೀನಮ್ಮಾ. ಅವರನ್ನೆಲ್ಲ ಮತ್ತೆ ಕರೀಬೇಕು."

ಅಷ್ಟರಲ್ಲಿ ಯಂತ್ರದ ವರದಿ ಪರದೆಯ ಮೇಲೆ ಮೂಡಿತು. ನಡೆದ ದೂರ ಹನ್ನೊಂದು ಮೀಟರ್. ತಾಳಕ್ಕೆ ಸರಿಯಾಗಿ ಬಿದ್ದ ಹೆಜ್ಜೆ ಶೇಕಡಾ ಸೊನ್ನೆ.