ಕಾಡಪ್ಪನ್ನ ಕಂಡೀರೇನ್ರೀ?

ಮೂವತ್ತು ವರ್ಷದ ಸಂಸಾರದಲ್ಲಿ ನೀಲಕ್ಕ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ೧೯೮೫ರ ಆ ಬೆಳಗ್ಗೆ ಹೇಳಿದಳು, ಗಂಡನನ್ನೇ ಯಾರೋ ಅಪರಿಚಿತ ಎಂದುಕೊಂಡು.

"ಇಲ್ಲೆ ಕಾಡಪ್ಪನ್ನ ಕಂಡೀರೇನ್ರೀ?"

ಯಲಹಂಕದ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಕಾಡಪ್ಪ ತಲೆ ಎತ್ತಿದ. ಒಂದು ಕಾಲಕ್ಕೆ ಗದಗ, ಹುಬ್ಬಳ್ಳಿಯ ಜನ ಇವಳ ಹಾಡಿಗೆಂದೇ ನಾಟಕಕ್ಕೆ ನುಗ್ಗುತ್ತಿದ್ದರು. ಅದೇ ಕಂಪನಿಯಲ್ಲಿ ಅವನು ಹಾರ್ಮೋನಿಯಂ ನುಡಿಸುತ್ತಿದ್ದ. ಕಂಪನಿ ಮುಚ್ಚಿದ ಮೇಲೆ ಮದುವೆಯಾಗಿ, ಕಾರ್ಖಾನೆ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದಿದ್ದರು. ಈಗ ಎರಡು ವರ್ಷದಿಂದ ಅವಳಿಗೆ ಮರೆವಿನ ಕಾಯಿಲೆ. ಎದುರಾಡಬೇಡಿ ಅಂದಿದ್ದರು ಡಾಕ್ಟರು.

ಅವನಿಗೂ ಕುತೂಹಲವಾಯಿತು. "ಯಾವ ಕಾಡಪ್ಪ?"

"ಪೇಟಿ ನುಡಸ್ತಾನಲ್ರೀ." ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ತಲಿ ಎತ್ತಿ ನೋಡೂದೇ ಇಲ್ಲ. ಮೊನ್ನೆ ಗದಗಿನಾಗ ಬೇಕಂತನ ಸ್ವರ ತಪ್ಪಿಸಿದೆ. ಆವಾಗ ನೋಡಿದ!"

ಕಾಡಪ್ಪನ ಕೈ ನಿಂತುಹೋಯಿತು. ಅವತ್ತು ತಪ್ಪಿದ್ದು ತನ್ನ ಬೆರಳೇ ಎಂದು ಮಾಲೀಕರಿಂದ ಬೈಸಿಕೊಂಡಿದ್ದ. ಕಂಪನಿ ಮುಚ್ಚಿ ಬೇರೆ ದಿಕ್ಕಿಲ್ಲದೆ ತನ್ನನ್ನು ಕಟ್ಟಿಕೊಂಡಳೆಂದೇ ಇಷ್ಟು ವರ್ಷ ನಂಬಿದ್ದ. ಕೇಳುವ ಧೈರ್ಯವೇ ಬಂದಿರಲಿಲ್ಲ.

"ಅವನಂದ್ರ ನಿಮಗ ಇಷ್ಟ ಏನು?"

"ನೀವು ಭಾಳ ಕೇಳ್ತೀರಿ!" ಓರೆಗಣ್ಣಲ್ಲಿ ನೋಡಿ ನಕ್ಕಳು. ಮರುಗಳಿಗೆ ಮುಖ ಸಪ್ಪಗಾಯಿತು. "ಕಂಪನಿ ಬಿಟ್ಟು ಹೊಂಟಾನಂತ. ಹೋಗಬ್ಯಾಡ ಅಂತ ಹೇಳ್ತೀರೇನು? ಅವನಿಲ್ಲಂದ್ರ ನಾ ಹಾಡೂದಿಲ್ಲ."

"ಈಗ ಹೇಳಿ ಬರ್ತೀನಿ."

ಕಾಡಪ್ಪ ಗೇಟು ದಾಟಿ ಬೀದಿಗೆ ಬಂದ. ರಂಗೋಲಿ ಬಿಡುತ್ತಿದ್ದ ಪಕ್ಕದ ಮನೆಯ ಸೊಣ್ಣಮ್ಮ, "ಯಾಕಣ್ಣ, ಕಣ್ಣು ಇಂಗೆ ಕೆಂಪಗಾಗವೆ?" ಅಂದಳು.

"ಏನಿಲ್ಲ ತಂಗಿ, ಒಳ್ಳೆ ಸುದ್ದಿ ಬಂದೈತಿ."

ಕಣ್ಣೊರೆಸಿಕೊಂಡ. ಕೂದಲನ್ನು ಕೈಯಲ್ಲೇ ತಿದ್ದಿಕೊಂಡ. ಮತ್ತೆ ಗೇಟು ತೆಗೆದು ಒಳಗೆ ಬಂದು ಅವಳೆದುರು ನಿಂತ.

"ನೀಲಾ, ನಾನು ಕಾಡಪ್ಪ. ಎಲ್ಲಿಗೂ ಹೋಗಂಗಿಲ್ಲ."

ನೀಲಕ್ಕ ಅವನ ನೆರೆತ ಮೀಸೆಯನ್ನು, ದಪ್ಪ ಕನ್ನಡಕವನ್ನು, ಅದರ ಹಿಂದಿನ ಕಣ್ಣನ್ನು ತುಂಬ ಹೊತ್ತು ನೋಡಿದಳು.

"ಇಷ್ಟ್ಯಾಕ ತಡಾ ಮಾಡಿದಿ?"

"ನನಗ ಗೊತ್ತಿರಲಿಲ್ಲ," ಅಂದ. ಅದು ನಿಜವೇ ಆಗಿತ್ತು.

ಅವಳು ಸರಿದು ಜಾಗ ಮಾಡಿಕೊಟ್ಟಳು. ಅವನು ಕುಳಿತ. ಬೀದಿಯಲ್ಲಿ ಯಾರಾದರೂ ನೋಡಿಯಾರೆಂದು ಆಚೆಗೊಮ್ಮೆ ಕಣ್ಣು ಹಾಯಿಸಿ, ಅವನ ಕೈಯನ್ನು ತನ್ನ ಸೆರಗಿನಡಿ ಹಿಡಿದುಕೊಂಡಳು.

"ಅಂಜಬ್ಯಾಡ," ಅಂದಳು ಮೆಲ್ಲಗೆ, "ನಮ್ಮಪ್ಪಗ ನಾನ ಹೇಳ್ತೀನಿ."