ಕಿಟಕಿ ಮುಚ್ಚಿದ ಗೋಡೆ

ಬೆಳಿಗ್ಗೆ ಹತ್ತು ಗಂಟೆಗೆ ಟೈಲರಮ್ಮ ಹೊಲಿಗೆ ಯಂತ್ರವನ್ನು ಗೋಡೆಯತ್ತ ತಿರುಗಿಸಿದಳು. ಅಂಗಡಿಗೆಂದು ಬಾಡಿಗೆಗೆ ಹಿಡಿದ ಆ ಕೋಣೆಯಲ್ಲಿ ಅದು ಅವಳ ಮೊದಲ ದಿನ. ಬಾಗಿಲಿಗೆ ಮುಖ ಮಾಡಿ ಕೂತರೆ ಸೂಜಿಯ ಮೇಲೆ ತನ್ನ ಕೈಯ ನೆರಳೇ ಬೀಳುತ್ತಿತ್ತು. ಹೀಗೆ ಕೂತರೆ ಟ್ಯೂಬ್‌ಲೈಟಿನ ಬೆಳಕು ಎಡಗಡೆಯಿಂದ ಬರುತ್ತಿತ್ತು.

ಹೊಸ್ತಿಲ ಬಳಿ ಅಂಗಿಗಳಿಗೆ ಕಾಜಾ ಹಾಕುತ್ತಿದ್ದ ಅದೇ ಬೀದಿಯ ಅಜ್ಜಿ ಸೂಜಿ ಕೆಳಗಿಟ್ಟಳು.

"ಆ ಕಡೆ ಕೂರಬೇಡ ಕಣಮ್ಮ. ಇದು ಇಬ್ಬರು ಅಣ್ಣತಮ್ಮಂದಿರ ಮನೆ, ಅಲ್ಲೊಂದು ಕಿಟಕಿ ಇತ್ತು. ತಮ್ಮ ದಿನಾ ಅದರಿಂದ ತನ್ನ ಪಾಲಿನ ಜಾಗ ನೋಡ್ತಿದ್ದ. ಅಣ್ಣ ಕಿಟಕಿ ಮುಚ್ಚಿಸಿ ಇಟ್ಟಿಗೆ ಮಧ್ಯೆ ಮಾಟ ಇಡಿಸ್ದ. ಇಲ್ಲಿ ಕೂತೋರ ಕಣ್ಣಿಗೆ ಕಾಣದ್ದು ಮನಸ್ಸಿಂದಲೂ ಹೋಗ್ಲಿ ಅಂತ. ತಮ್ಮ ಮೊದಲು ಜಾಗ ಮರೆತ. ಆಮೇಲೆ ಹೆಂಡ್ತೀನ."

"ಗಂಡಸರು ಹೆಂಡ್ತೀನ ಮರೆಯೋಕೆ ಮಾಟ ಬೇರೆ ಬೇಕಾ ಅಜ್ಜಿ?"

ಟೈಲರಮ್ಮನ ಗಂಡ ಬಿಟ್ಟುಹೋಗಿದ್ದ. ಮನೆಯಲ್ಲಿ ಅವಳಿಗೆ ಉಳಿದವಳು ಶಾಲೆಗೆ ಹೋಗುವ ಮಗಳು ಚಿಲ್ಟು ಒಬ್ಬಳೇ.

ಪೆಡಲ್ ತುಳಿದಳು. ಗೋಡೆ ಸದ್ದನ್ನು ನುಂಗಿತು. ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಬೀದಿಯ ಗದ್ದಲ ಬೆನ್ನ ಹಿಂದೆ ದೂರವಾಗುತ್ತ ಹೋಯಿತು. ಕಣ್ಣ ಮುಂದೆ ಗೋಡೆ, ಬಟ್ಟೆ, ಸೂಜಿ. ಯೋಚನೆಯೂ ಅಷ್ಟಕ್ಕೇ ಕುಗ್ಗಿತು.

ಕೆಲವೇ ದಿನಗಳಲ್ಲಿ ದೂರದೂರಿನಲ್ಲಿದ್ದ ತಂಗಿಯ ಮುಖ ನೆನಪಿನಲ್ಲಿ ಮಸುಕಾಯಿತು. ಮನೆಯ ದಾರಿ ತಪ್ಪಿತು. ಒಂದು ಸಂಜೆ ಮಗಳನ್ನು ಶಾಲೆಯಿಂದ ಕರೆತರುವುದನ್ನೇ ಮರೆತಳು. ನೆರೆಯವರು ತಂದು ಬಿಟ್ಟರು. ಆಗ ಹೆದರಿದಳು. ಮರುದಿನ ಯಂತ್ರ ತಿರುಗಿಸಲೆಂದೇ ಬಂದಳು. ಗೋಡೆಯನ್ನು ಕಂಡೊಡನೆ, ಯಾಕೆ ಬಂದೆನೆಂಬುದೇ ಹಾರಿಹೋಯಿತು. ಕೂತು ಹೊಲಿದಳು.

ಕೊನೆಗೆ ಮನೆಯಲ್ಲಿದ್ದಾಗ ಒಂದು ಉಪಾಯ ಹೊಳೆಯಿತು. ಚಿಲ್ಟುವಿಗೆಂದು ಅರ್ಧ ಹೊಲಿದಿದ್ದ ಹಳದಿ ಫ್ರಾಕನ್ನು ಕೈಯಲ್ಲೇ ಹಿಡಿದು ತಂದು ಎದುರಿನ ಮೊಳೆಗೆ ನೇತುಹಾಕಿದಳು. ಅದು ಕಾಣುತ್ತಿರುವವರೆಗೆ ಮಗಳೂ ನೆನಪಿರುತ್ತಾಳೆ.

ಅದು ಕಾಣುತ್ತಲೇ ಇತ್ತು. ಹಳದಿ ಬಣ್ಣ. ಪುಟ್ಟ ತೋಳು. ಅಂಚು ಮಡಿಸಿಲ್ಲ. ಯಾರದ್ದು? ಸೂಜಿ ಓಡಿತು. ಯಾರದ್ದೋ. ಸೂಜಿ ಓಡಿತು. ಹಳದಿ. ಗೋಡೆ. ಗೋಡೆ.

"ಅಮ್ಮಾ."

ತಿರುಗಿದಳು. ಅಜ್ಜಿಯ ಕೈ ಹಿಡಿದು ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಬೆನ್ನಿಗೆ ಶಾಲೆಯ ಚೀಲ. ಅತ್ತು ಊದಿದ ಕಣ್ಣು.

"ಶಾಲೆ ಗೇಟು ಹಾಕಿದ್ರೂ ಅಲ್ಲೇ ನಿಂತಿತ್ತು ಮಗು," ಅಂದಳು ಅಜ್ಜಿ. "ನಾನೇ ಹೋಗಿ ಕರ್ಕೊಂಡ್ ಬಂದೆ."

ಟೈಲರಮ್ಮ ಕೊರಳಿನ ಟೇಪು ತೆಗೆದಳು. ಹುಡುಗಿಯ ಭುಜ ಅಳೆದಳು, ಎದೆ ಅಳೆದಳು. ಮೊಳೆಯಲ್ಲಿದ್ದ ಫ್ರಾಕಿಗೂ ಟೇಪು ಹಿಡಿದು ನೋಡಿ, ತಲೆಯಾಡಿಸಿದಳು.

"ಅಳತೆ ಸರಿಯಾಗೇ ಇದೆ ಪುಟ್ಟಿ. ನಾಳೆ ನಿಮ್ಮಮ್ಮನ್ನ ಕಳ್ಸು, ಕೊಡ್ತೀನಿ."

ಚಿಲ್ಟು ಈಗ ಅಜ್ಜಿಯ ಮನೆಯಲ್ಲಿದ್ದಾಳೆ. ಫ್ರಾಕು ಹೊಲಿದು ಮುಗಿದಿದೆ. ಒಯ್ಯಲು ಯಾರೂ ಬಂದಿಲ್ಲ.